ಮುಚ್ಚಿದ ನೂಲಿನ ಗಿರಣಿ, ಎರಡು ದಿನದ ಅನುಮತಿ: ಬರೀ ತುಕ್ಕಿನ ಫೋಟೋ ಆಗದಂತೆ ತೆಗೆಯುವುದು ಹೇಗೆ?

ನೂಲೆಳೆ:

ನಾಲ್ಕು ಮಹಡಿಯ ಹಳೇ ನೂಲಿನ ಗಿರಣಿ. ಯಂತ್ರಗಳೆಲ್ಲ ಗುಜರಿಗೆ ಹೋಗಿವೆ. ಉಳಿದಿರುವುದು ಖಾಲಿ ಮಹಡಿಗಳು, ಎಂಜಿನ್ ಮನೆ, ಬಾಯ್ಲರ್ ಮನೆ ಮತ್ತು ಸುಮಾರು 40 ಮೀಟರ್ ಎತ್ತರದ ಇಟ್ಟಿಗೆ ಚಿಮಣಿ. ಕೆಡವುವ ಮೊದಲು ಒಳಗೆ ಹೋಗಲು ಎರಡು ದಿನದ ಲಿಖಿತ ಅನುಮತಿ ಇದೆ. ಫುಲ್ ಫ್ರೇಮ್ ಕ್ಯಾಮೆರಾ, 24-70 ಲೆನ್ಸ್, 50 ಮಿ.ಮೀ. ಲೆನ್ಸ್, ಟ್ರೈಪಾಡ್ ಇವಿಷ್ಟು ಕೈಯಲ್ಲಿವೆ. ಎತ್ತರದ ಕಟ್ಟಡವನ್ನು ವಾಲದಂತೆ ತೆಗೆಯುವ ಶಿಫ್ಟ್ ಲೆನ್ಸ್ ಇಲ್ಲ.

ಬೇಕಾಗಿರುವುದು ಅಲ್ಲಿ ಕೆಲಸ ನಡೆದಿತ್ತು ಅನ್ನುವ ನೆನಪಿನ ಗುರುತು. ಆದರೆ ಪ್ರಯೋಗಕ್ಕೆಂದು ತೆಗೆದ ಚಿತ್ರಗಳಲ್ಲಿ ಬಂದದ್ದು ತುಕ್ಕು, ಪಾಚಿ, ಒಡೆದ ಗಾಜು. ಯಾವ ಗಿರಣಿಯದ್ದು ಅಂತ ಹೇಳಿದರೂ ನಂಬಬಹುದು. ತಾಂತ್ರಿಕ ತೊಂದರೆ ಮೂರು. ಚಿಮಣಿ ಹಿಂದಕ್ಕೆ ಬಿದ್ದಂತೆ ಕಾಣುತ್ತದೆ. ಒಳಗೆ ತೆಗೆದರೆ ಕಿಟಕಿ ಸುಟ್ಟು ಬಿಳಿಯಾಗುತ್ತದೆ, ಬೇರೆ ಬೇರೆ ಬೆಳಕಿನಲ್ಲಿ ತೆಗೆದ ಫ್ರೇಮುಗಳನ್ನು ಬೆಸೆದು ಎಚ್‌ಡಿಆರ್ ಮಾಡಿದರೆ ಆಟಿಕೆ ತರಹ ಆಗುತ್ತದೆ. ಗೋಡೆಯ ಮೇಲಿನ ಬಣ್ಣದ ಅಕ್ಷರಗಳು ಕಣ್ಣಿಗೆ ಅರೆಬರೆ ಕಾಣುತ್ತವೆ, ಚಿತ್ರದಲ್ಲಿ ಇಲ್ಲವೇ ಇಲ್ಲ.

ಯಾವುದರಿಂದ ಶುರು ಮಾಡಬೇಕು?

ಮೂರುಕಾಲು:

ಮೊದಲು ಚಿಮಣಿ. ಹಿಂದಕ್ಕೆ ಬೀಳುವುದಕ್ಕೆ ಕಾರಣ ಒಂದೇ: ಕ್ಯಾಮೆರಾ ಮೇಲಕ್ಕೆ ವಾಲಿದೆ. ಸೆನ್ಸರ್ ಗೋಡೆಗೆ ಸಮಾನಾಂತರವಾಗಿದ್ದರೆ ಲಂಬ ಗೆರೆಗಳು ಲಂಬವಾಗೇ ಇರುತ್ತವೆ. ಹಾಗಾಗಿ ಕ್ಯಾಮೆರಾವನ್ನು ಮಟ್ಟವಾಗಿ ಇಟ್ಟು, ಚಿಮಣಿಯ ತುದಿ ಫ್ರೇಮಿನೊಳಗೆ ಬರುವಷ್ಟು ದೂರ ಹೋಗಬೇಕು. ಎಷ್ಟು ದೂರ ಅಂತ ಮನೆಯಲ್ಲೇ ಲೆಕ್ಕ ಹಾಕಿಕೊಳ್ಳಬಹುದು. ಕ್ಯಾಮೆರಾವನ್ನು ಉದ್ದುದ್ದ ಹಿಡಿದರೆ ಸೆನ್ಸರಿನ ಎತ್ತರ 36 ಮಿ.ಮೀ., ಮಧ್ಯದಿಂದ ಮೇಲಿನ ಅರ್ಧ 18 ಮಿ.ಮೀ. ಕಣ್ಣಿನ ಮಟ್ಟ 1.6 ಮೀಟರ್ ಆದರೆ ಅದರ ಮೇಲೆ ಉಳಿಯುವ ಚಿಮಣಿ 38.4 ಮೀಟರ್. ಅದನ್ನು ಫೋಕಲ್ ಲೆಂಗ್ತಿನಿಂದ ಗುಣಿಸಿ 18ರಿಂದ ಭಾಗಿಸಿ. 50ರ ಲೆನ್ಸಿಗೆ ಸುಮಾರು 107 ಮೀಟರ್, 24ಕ್ಕೆ ಸುಮಾರು 51 ಮೀಟರ್. ತುದಿಯ ಮೇಲೆ ಸ್ವಲ್ಪ ಆಕಾಶವೂ ಬೇಕು, ದೂರಕ್ಕೆ ಇನ್ನೊಂದು ಶೇಕಡ ಹತ್ತು ಸೇರಿಸಿಕೊಳ್ಳಿ. ಫ್ರೇಮಿನ ಕೆಳಗಿನ ಅರ್ಧ ಬರೀ ನೆಲ, ಅದನ್ನು ಆಮೇಲೆ ಕತ್ತರಿಸಿ ಹಾಕಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 12 ಉಳಿದರೂ ಒಳ್ಳೆಯ ಪ್ರಿಂಟ್ ಬರುತ್ತದೆ.

ಇದಕ್ಕಿಂತ ಒಳ್ಳೆಯ ದಾರಿ ಎತ್ತರಕ್ಕೆ ಹೋಗುವುದು. ಎದುರಿನ ಕಟ್ಟಡದ ಕಿಟಕಿ 15 ಮೀಟರ್ ಎತ್ತರದಲ್ಲಿದ್ದರೆ ಮೇಲೆ ಉಳಿಯುವುದು 25 ಮೀಟರ್ ಮಾತ್ರ. ಅದೇ 50ರ ಲೆನ್ಸಿಗೆ 70 ಮೀಟರ್ ಸಾಕು, ನೆಲವೂ ಅಷ್ಟು ವ್ಯರ್ಥವಾಗುವುದಿಲ್ಲ.

ಸಾಫ್ಟ್‌ವೇರಿನಲ್ಲಿ ನೆಟ್ಟಗೆ ಮಾಡಬಹುದಲ್ಲ ಅನ್ನುತ್ತೀರಿ. ಸ್ವಲ್ಪ ವಾಲಿದ್ದರೆ ಪರವಾಗಿಲ್ಲ. ಜಾಸ್ತಿ ವಾಲಿದ್ದನ್ನು ಎಳೆದರೆ ಮೇಲ್ಭಾಗದ ಪಿಕ್ಸೆಲ್ಲುಗಳು ಹಿಗ್ಗಿ ಮೃದುವಾಗುತ್ತವೆ, ಚಿಮಣಿಯ ಪ್ರಮಾಣವೂ ಸುಳ್ಳಾಗುತ್ತದೆ. ಇನ್ನೊಂದು ಅಪಾಯವನ್ನು ಯಾರೂ ಹೇಳುವುದಿಲ್ಲ: ಎಷ್ಟೋ ಹಳೇ ಇಟ್ಟಿಗೆ ಚಿಮಣಿಗಳು ನಿಜವಾಗಿಯೂ ವಾಲಿರುತ್ತವೆ. ಹೊಗೆಯಲ್ಲಿನ ಗಂಧಕದಿಂದ ಗಾರೆಯಲ್ಲಿ ಸಲ್ಫೇಟ್ ಸೇರಿ, ಮಳೆ ಹೆಚ್ಚು ಹೊಡೆಯುವ ಬದಿಯ ಗಾರೆ ಹಿಗ್ಗುತ್ತದೆ. ಚಿಮಣಿ ಎದುರು ಬದಿಗೆ ಬಾಗುತ್ತದೆ. ಸಾಫ್ಟ್‌ವೇರಿನ ಗುಂಡಿ ಒತ್ತಿ ಅದನ್ನು ನೆಟ್ಟಗೆ ನಿಲ್ಲಿಸಿದರೆ ನೂರು ವರ್ಷದ ಮಳೆಯನ್ನು ಅಳಿಸಿ ಹಾಕಿದಂತೆ. ಒಂದು ಫ್ರೇಮಿನಲ್ಲಿ ಕ್ಯಾಮೆರಾ ಹತ್ತಿರವೇ ದಾರಕ್ಕೆ ತೂಗುಗುಂಡು ಕಟ್ಟಿ ಇಳಿಬಿಡಿ. ಆಮೇಲೆ ತಿದ್ದುವಾಗ ದಾರವನ್ನು ನೋಡಿ ತಿದ್ದಿ, ಚಿಮಣಿಯನ್ನು ನೋಡಿ ಅಲ್ಲ. ಚಿಮಣಿ ಮೇಲೆ ಹೋದಂತೆ ಸಪೂರವಾಗುವುದರಿಂದ ಅದರ ಅಂಚು ಹೇಗೂ ಲಂಬವಾಗಿರುವುದಿಲ್ಲ.

ಕಿಟಕಿಯ ವಿಷಯ. ಐಎಸ್‌ಒ 100, ಎಫ್/8, ಫೋಕಸ್ ಮ್ಯಾನ್ಯುಯಲ್, ವೈಟ್ ಬ್ಯಾಲೆನ್ಸ್ ಸ್ಥಿರ. ಎರಡೆರಡು ಸ್ಟಾಪ್ ಅಂತರದಲ್ಲಿ (ಪ್ರತಿ ಸಲ ನಾಲ್ಕು ಪಟ್ಟು ಬೆಳಕು) ಐದು ಫ್ರೇಮು: 1/125, 1/30, 1/8, 1/2, 2 ಸೆಕೆಂಡ್. ಬದಲಾಗಬೇಕಾದದ್ದು ಷಟರ್ ಮಾತ್ರ. ಅಪರ್ಚರ್ ಬದಲಾದರೆ ಫೋಕಸ್ಸಿನ ಆಳವೂ ಬದಲಾಗಿ ಐದು ಫ್ರೇಮು ಒಂದರ ಮೇಲೊಂದು ಕೂರುವುದಿಲ್ಲ. ಆಟಿಕೆ ತರಹ ಆಗುವುದು ಐದು ಫ್ರೇಮು ತೆಗೆದದ್ದಕ್ಕಲ್ಲ, ಎಲ್ಲವನ್ನೂ ಒಂದೇ ಬೆಳಕಿಗೆ ತಂದದ್ದಕ್ಕೆ. ಕತ್ತಲ ಕೋಣೆಯ ಕಿಟಕಿ ಕಣ್ಣಿಗೂ ಬಿಳಿಯಾಗೇ ಕಾಣುತ್ತದೆ. ಮಧ್ಯದ ಫ್ರೇಮನ್ನು ಆಧಾರವಾಗಿ ಇಟ್ಟುಕೊಳ್ಳಿ. ಗಾಜಿನ ಚೌಕಟ್ಟಿನ ಪಟ್ಟಿಗಳು ಕಾಣುವಷ್ಟು ಮಾತ್ರ ಕಪ್ಪು ಫ್ರೇಮಿನಿಂದ ತನ್ನಿ, ಮೂಲೆಯ ಕತ್ತಲಿಗೆ ಒಂದು ಚೂರು ಬೆಳ್ಳನೆಯದರಿಂದ ತನ್ನಿ, ಅಲ್ಲಿಗೆ ನಿಲ್ಲಿಸಿ. ಕಿಟಕಿಯ ಸುತ್ತ ಬೆಳ್ಳನೆಯ ಪ್ರಭಾವಳಿ ಬಂತೆಂದರೆ ಅತಿಯಾಯಿತು ಎಂದೇ ಅರ್ಥ. ಮೋಡ ಮುಚ್ಚಿದ ಹೊತ್ತಿನಲ್ಲಿ ಒಳಗಿನ ಹೊರಗಿನ ಅಂತರ ತಾನಾಗೇ ಇಳಿಯುತ್ತದೆ, ಆಗ ಮೂರು ಫ್ರೇಮು ಸಾಕು.

ಫೋಕಸ್: 24 ಮಿ.ಮೀ., ಎಫ್/8ಕ್ಕೆ ಹೈಪರ್‌ಫೋಕಲ್ ದೂರ (ಅಲ್ಲಿಗೆ ಫೋಕಸ್ ಮಾಡಿದರೆ ಅದರ ಅರ್ಧದಿಂದ ಆಚೆಗೆ ಎಲ್ಲ ಚೂಪು) ಹಳೇ ಲೆಕ್ಕದಲ್ಲಿ 2.4 ಮೀಟರ್. ಈಗಿನ ಸೆನ್ಸರುಗಳಿಗೆ ಅದು ಸಡಿಲವಾಯಿತು. ಸುಮಾರು 5 ಮೀಟರಿಗೆ ಫೋಕಸ್ ಮಾಡಿ, ಎರಡೂವರೆ ಮೀಟರಿನಿಂದ ಆಚೆಗೆ ಎಲ್ಲ ಚೂಪಾಗಿ ಬರುತ್ತದೆ.

ಮರದ ಮಹಡಿಯಲ್ಲಿ ಟ್ರೈಪಾಡಿನ ಪಕ್ಕ ನೀವು ಕಾಲು ಬದಲಿಸಿದರೂ 2 ಸೆಕೆಂಡಿನ ಫ್ರೇಮು ಅಲುಗುತ್ತದೆ. ಹಲಗೆಯ ಮೇಲೆ ಮೊಳೆಗಳ ಸಾಲು ಕಂಡಲ್ಲಿ ಕೆಳಗೆ ತೊಲೆ ಇರುತ್ತದೆ, ಟ್ರೈಪಾಡ್ ಕಾಲು ಅಲ್ಲಿಡಿ. 10 ಸೆಕೆಂಡಿನ ಟೈಮರ್ ಹಾಕಿ ಅಲ್ಲಾಡದೆ ನಿಂತುಬಿಡಿ. ಕಬ್ಬಿಣದ ಜಾಲರಿ ನೆಲವಾದರೆ ಕಾಲುಗಳ ಕೆಳಗಿಡಲು ಅಂಗೈಯಗಲದ ಮೂರು ಪ್ಲೈವುಡ್ ತುಂಡು ಜೊತೆಗಿರಲಿ.

ಓರೆಬೆಳಕು:

ತಾಂತ್ರಿಕ ಉತ್ತರ ಬಂತು. ಆದರೆ ಪ್ರಶ್ನೆಯ ಮೊದಲ ಭಾಗ ಹಾಗೇ ಉಳಿದಿದೆ. ತುಕ್ಕು, ಪಾಚಿ, ಒಡೆದ ಗಾಜು ಇವೆಲ್ಲ ಗಿರಣಿ ಮುಚ್ಚಿದ ಮೇಲೆ ಬಂದವು. ಅವು ಮಳೆಯ ನೆನಪು, ಕೆಲಸದ ನೆನಪಲ್ಲ. ಹುಡುಕಬೇಕಾದದ್ದು ಗಿರಣಿ ಓಡುತ್ತಿದ್ದಾಗ ಬಿದ್ದ ಗುರುತು. ಈ ಎರಡನ್ನು ಕಣ್ಣಲ್ಲೇ ಬೇರ್ಪಡಿಸಲು ಕಲಿತರೆ ಯಾವ ಗಿರಣಿಯದ್ದಾದರೂ ಆಗಬಹುದಾದ ಚಿತ್ರಗಳಲ್ಲಿ ಮುಕ್ಕಾಲು ಪಾಲು ತಾನಾಗೇ ಉದುರಿಹೋಗುತ್ತದೆ.

ನೂಲಿನ ಗಿರಣಿಯಲ್ಲಿ ಎಲ್ಲಿ ನೋಡಬೇಕು?

ನೆಲ. ನೂಲು ತೆಗೆಯುವ ರಿಂಗ್ ಫ್ರೇಮು ಯಂತ್ರಗಳು ಸಾಲಾಗಿ ನಿಂತ ಜಾಗದಲ್ಲಿ ಹಲಗೆ ಹೊಸದರಂತೆ ಇರುತ್ತದೆ, ನಡುವಿನ ಓಣಿಯಲ್ಲಿ ಸವೆದು ಎಣ್ಣೆ ಕುಡಿದು ಕಪ್ಪಾಗಿರುತ್ತದೆ. ಆ ಓಣಿಯ ಅಗಲವೇ ಒಬ್ಬ ಕೆಲಸಗಾರ ಇಡೀ ಪಾಳಿ ಓಡಾಡಿದ ಜಾಗ. ಟೇಪು ಹಿಡಿದು ಅಳೆಯಿರಿ. ನೆಲದಲ್ಲಿ ಉಳಿದ ಬೋಲ್ಟಿನ ತೂತುಗಳ ಅಂತರದಿಂದ ಯಂತ್ರದ ಉದ್ದ ಗೊತ್ತಾಗುತ್ತದೆ.

ಕಂಬ ಮತ್ತು ಚಾವಣಿ. ಎರಕದ ಕಬ್ಬಿಣದ ಕಂಬಗಳ ಮೇಲ್ತುದಿಯಲ್ಲಿ ಚಪ್ಪಟೆ ಮುಖ, ಬೋಲ್ಟಿನ ತೂತು ಕಂಡರೆ ಅಲ್ಲಿ ಲೈನ್ ಶಾಫ್ಟಿನ, ಅಂದರೆ ಮಹಡಿಯ ಯಂತ್ರಗಳನ್ನೆಲ್ಲ ತಿರುಗಿಸುವ ಉದ್ದ ದಂಡದ, ಬ್ರಾಕೆಟ್ ಕೂತಿತ್ತು. ಅಂದರೆ ಪ್ರತಿ ಯಂತ್ರಕ್ಕೂ ಬೇರೆ ಮೋಟಾರು ಬರುವ ಮೊದಲಿನ ಕಾಲ. ತೊಲೆಗಳ ಮೇಲೆ ಹತ್ತಿಯ ಧೂಳು ಇನ್ನೂ ಅಂಟಿಕೊಂಡಿರುತ್ತದೆ. ಗಾಳಿ ಒಣಗಿದರೆ ನೂಲು ಹರಿಯುತ್ತದೆ ಅಂತ ತೇವ ಬಿಡಲು ಹಾಕಿದ ಸಣ್ಣ ಕೊಳವೆಗಳೂ ಇರಬಹುದು.

ಎಂಜಿನ್ ಮನೆ. ಉಗಿ ಎಂಜಿನ್ ಕಾಲದ ಗಿರಣಿಯಾದರೆ ಎಂಜಿನ್ ಮನೆಗೆ ಅಂಟಿಕೊಂಡು ನೆಲದಿಂದ ಮೇಲ್ಮಹಡಿವರೆಗೆ ಒಂದು ಕಿರಿದಾದ, ಎತ್ತರದ ಸಂದು ಇರಬಹುದು. ಅದಕ್ಕೆ ರೋಪ್ ರೇಸ್ ಅನ್ನುತ್ತಾರೆ. ದೊಡ್ಡ ಚಕ್ರದ ಅಂಚಿನ ಕಾಲುವೆಗಳಿಂದ ಹತ್ತಿಯ ಹಗ್ಗಗಳು ಹೊರಟು, ಈ ಸಂದಿನಲ್ಲಿ ಏರಿ, ಪ್ರತಿ ಮಹಡಿಯ ಶಾಫ್ಟನ್ನು ತಿರುಗಿಸುತ್ತಿದ್ದವು. ಇಡೀ ಕಟ್ಟಡ ಒಂದೇ ಯಂತ್ರವಾಗಿತ್ತು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಸಿಗದು. ಬರುವವರೆಲ್ಲ ಏನೋ ಖಾಲಿ ಸಂದು ಅಂತ ದಾಟಿ ಹೋಗುತ್ತಾರೆ. ನೀವು ಅರ್ಧ ದಿನ ಕೊಟ್ಟರೂ ನಷ್ಟವಿಲ್ಲ. ಕೆಳಗೆ ನಿಂತು ಮೇಲಕ್ಕೆ ನೋಡಿ ತೆಗೆಯುವುದೊಂದೇ ಸಾಲದು. ಪ್ರತಿ ಮಹಡಿಯಿಂದಲೂ ಅದರೊಳಗೆ ಇಣುಕುವ ಕಿಂಡಿ ಹುಡುಕಿ, ಒಂದೇ ಫೋಕಲ್ ಲೆಂಗ್ತಿನಲ್ಲಿ ನಾಲ್ಕು ಚಿತ್ರ ತೆಗೆಯಿರಿ. ಅಂಚಿಗೆ ಕಟಾಂಜನ ಇಲ್ಲದಿದ್ದರೆ ಕೈ ಮಾತ್ರ ಚಾಚಿ.

ಕೈ ತಾಗಿದ ಜಾಗಗಳು: ಮೆಟ್ಟಿಲಿನ ಹಿಡಿಕೆ, ಬಾಗಿಲಿನ ಅಂಚು, ವಾಲ್ವಿನ ಚಕ್ರ. ಗೋಡೆಯಲ್ಲಿ ಕ್ಯಾಲೆಂಡರೋ ದೇವರ ಪಟವೋ ಇದ್ದ ಕಡೆ ಬೆಳ್ಳಗಿನ ಚೌಕ. ಅದರ ಎತ್ತರ ಅಳೆದು ಬರೆದಿಡಿ.

ಅಕ್ಷರಗಳಿಗೆ ಎರಡು ಉಪಾಯ. ಬಣ್ಣದ ಪದರಕ್ಕೆ ಚೂರಾದರೂ ದಪ್ಪವಿದ್ದರೆ ಓರೆ ಬೆಳಕು: ಟಾರ್ಚನ್ನು ಗೋಡೆಗೆ 10-15 ಡಿಗ್ರಿ ಕೋನದಲ್ಲಿ ಹಿಡಿಯಬೇಕು. ಹತ್ತಿರ ಹಿಡಿದರೆ ಒಂದು ತುದಿ ಸುಟ್ಟು ಇನ್ನೊಂದು ತುದಿ ಕತ್ತಲಾಗುತ್ತದೆ. ಒಂದು ಮೀಟರ್ ಅಗಲದ ಬರಹಕ್ಕೆ ಅರ್ಧ ಮೀಟರಿನಿಂದ ಬೆಳಕು ಬಿಟ್ಟರೆ ದೂರದ ಅಂಚಿಗೆ ಒಂಬತ್ತನೇ ಒಂದು ಪಾಲು ಬೆಳಕು, ಮೂರು ಮೀಟರಿನಿಂದ ಬಿಟ್ಟರೆ ಅರ್ಧಕ್ಕಿಂತ ಹೆಚ್ಚು. ಎಡ, ಬಲ, ಮೇಲೆ, ಕೆಳಗೆ ಹೀಗೆ ನಾಲ್ಕು ಕಡೆಯಿಂದಲೂ ಒಂದೊಂದು ಫ್ರೇಮು.

ಬಣ್ಣ ಪೂರ್ತಿ ಮಾಸಿದ್ದರೆ ಚಿತ್ರದ ಕೆಂಪು, ಹಸಿರು, ನೀಲಿ ಚಾನೆಲ್ ಬೇರ್ಪಡಿಸಿ ನೋಡಿ. ಸುಣ್ಣದ ಮೇಲಿನ ಕೆಮ್ಮಣ್ಣಿನ ಕೆಂಪು ನೀಲಿ ಚಾನೆಲ್ಲಿನಲ್ಲಿ ಕಪ್ಪಾಗಿ ಎದ್ದು ಬರುತ್ತದೆ. ಇಟ್ಟಿಗೆಯ ಮೇಲಿನ ಬಿಳಿ ಅಕ್ಷರಕ್ಕೂ ನೀಲಿಯೇ, ಇಟ್ಟಿಗೆ ಕಪ್ಪಾಗಿ ಅಕ್ಷರ ಹೊಳೆಯುತ್ತದೆ. ನೀಲಿ ಚಾನೆಲ್ಲಿನಲ್ಲಿ ನಾಯ್ಸ್ ಜಾಸ್ತಿ, ಆದ್ದರಿಂದ ಟ್ರೈಪಾಡಿನ ಮೇಲೆ ಒಂದೇ ಎಕ್ಸ್‌ಪೋಷರಿನಲ್ಲಿ ನಾಲ್ಕು ಫ್ರೇಮು ತೆಗೆದು ಸರಾಸರಿ ಮಾಡಿ. ಅದಕ್ಕೂ ಬಗ್ಗದಿದ್ದರೆ ಡಿಸ್ಟ್ರೆಚ್. ಬಂಡೆಚಿತ್ರ ಓದುವವರಿಗಾಗಿ ಬಂದ ಸಾಧನ, ಗೋಡೆಬರಹಕ್ಕೂ ಆಗುತ್ತದೆ. ಅಕ್ಷರ ಕಾಣಲಿ ಅಂತ ನೀರು ಚಿಮುಕಿಸುವುದು, ಸೀಮೆಸುಣ್ಣ ಬಳಿಯುವುದು ಮಾತ್ರ ಬೇಡ. ಉಳಿದ ಚೂರೂ ಅದರ ಜೊತೆ ಉದುರುತ್ತದೆ.

ಹಳೇಗಾರೆ:

ಓರೆಬೆಳಕು ಹೇಳಿದ್ದಕ್ಕೆ ಅರ್ಧ ಒಪ್ಪಿಗೆ. ಎಲ್ಲ ಹತ್ತಿರದ ಗುರುತುಗಳೇ ಆದರೆ ಕೊನೆಗೆ ಸವೆದ ಹಿಡಿಕೆಗಳ ಆಲ್ಬಂ ಉಳಿಯುತ್ತದೆ, ಕಟ್ಟಡ ಇಲ್ಲ. ಇದು ಕೆಡವುವ ಕಟ್ಟಡ. ಹಿಡಿಕೆಯನ್ನು ಯಾರಾದರೂ ಎತ್ತಿಕೊಂಡು ಹೋಗಿ ಇಡಬಹುದು, ಚಿಮಣಿಗೂ ಬಾಯ್ಲರ್ ಮನೆಗೂ ನಡುವಿನ ಸಂಬಂಧವನ್ನು ಇಡಲಾಗದು.

ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಹರ್ ದಂಪತಿ 1959ರಿಂದ ಮಾಡಿದ್ದನ್ನು ನೋಡಿ. ಬರ್ನ್ಡ್ ಮೊದಲು ಗಣಿ ಕಟ್ಟಡಗಳ ಚಿತ್ರ ಬರೆಯುತ್ತಿದ್ದರು. ಬರೆದು ಮುಗಿಸುವ ಮೊದಲೇ ಕೆಡವಿಬಿಡುತ್ತಿದ್ದರು, ಹಾಗಾಗಿ ಕ್ಯಾಮೆರಾ ಹಿಡಿದರು. ದೊಡ್ಡ ಫಾರ್ಮ್ಯಾಟ್ ಕ್ಯಾಮೆರಾ, ಮೋಡದ ಆಕಾಶ, ನೆರಳಿಲ್ಲ, ಏಣಿಯೋ ಅಟ್ಟಣಿಗೆಯೋ ಹತ್ತಿ ಕಟ್ಟಡದ ನಡು ಎತ್ತರದಿಂದ ನೇರ ನೋಟ. ನೀರಿನ ಗೋಪುರ, ಊದುಕುಲುಮೆ, ಗಣಿಬಾವಿಯ ಗೋಪುರ, ಎಲ್ಲ ಹೀಗೆಯೇ ದಶಕಗಟ್ಟಲೆ. ಒಂದೇ ಬಗೆಯವನ್ನು ಒಂಬತ್ತೋ ಹದಿನೈದೋ ಜೋಡಿಸಿಟ್ಟಾಗ, ಮೊದಲು ಒಂದೇ ಥರ ಕಂಡವು ಒಂದೊಂದೂ ಬೇರೆಯಾಗಿ ಕಾಣತೊಡಗುತ್ತವೆ. 1990ರ ವೆನಿಸ್ ಬಿಯೆನಾಲೆ ಅವರಿಗೆ ಕೊಟ್ಟದ್ದು ಶಿಲ್ಪಕಲೆಯ ಬಹುಮಾನ, ಅದೊಂದು ತಮಾಷೆ. ಅವರ ಚಿತ್ರದಲ್ಲಿ ಭಾವನೆ ಇಲ್ಲ ಅಂತ ದೂರುವವರಿದ್ದಾರೆ. ಆದರೆ ಎಷ್ಟೋ ಕಟ್ಟಡಗಳಿಗೆ ಇವತ್ತು ಆ ಚಿತ್ರವೇ ಗತಿ.

ನಿಮಗೆ ಒಂದೇ ಗಿರಣಿ ಇರುವುದರಿಂದ ಕ್ರಮವನ್ನು ಒಳಗೇ ಮಾಡಿ. ನಾಲ್ಕೂ ಮಹಡಿಯಲ್ಲಿ ಅದೇ ಕಂಬದ ಪಕ್ಕ, ಅದೇ ಎತ್ತರ, ಅದೇ ದಿಕ್ಕು. ನಾಲ್ಕು ಚಿತ್ರ ಪಕ್ಕಪಕ್ಕ ಇಟ್ಟರೆ ಯಾವ ಮಹಡಿಯಲ್ಲಿ ಭಾರ ಜಾಸ್ತಿಯಿತ್ತು, ಎಲ್ಲಿ ಕಿಟಕಿಯನ್ನು ಇಟ್ಟಿಗೆಯಿಂದ ಮುಚ್ಚಿದರು, ಎಲ್ಲಿ ಕಂಬಕ್ಕೆ ಊರುಗೋಲು ಕೊಟ್ಟರು ಎಲ್ಲ ತಾನಾಗೇ ಮಾತಾಡುತ್ತದೆ.

ಇನ್ನೊಂದು ಮಾತು. ಚಂದದ ಅವಶೇಷ ಮರೆಸುವುದೂ ಉಂಟು. ಜಪಾನಿನ ಹಶಿಮಾ ದ್ವೀಪದ ಕಲ್ಲಿದ್ದಲು ಗಣಿ 1974ರಲ್ಲಿ ಮುಚ್ಚಿತು, 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಅಲೆಗೆ ಎದುರಾಗಿ ನಿಂತ ಖಾಲಿ ಕಾಂಕ್ರೀಟ್ ಕಟ್ಟಡಗಳ ಫೋಟೋ ಎಲ್ಲರೂ ನೋಡಿದ್ದಾರೆ. ಯುದ್ಧಕಾಲದಲ್ಲಿ ಕೊರಿಯಾದವರನ್ನು ಬಲವಂತವಾಗಿ ಅಲ್ಲಿ ದುಡಿಸಿದ್ದು ಆ ಫೋಟೋಗಳಲ್ಲಿ ಕಾಣುವುದಿಲ್ಲ. ಆ ಇತಿಹಾಸವನ್ನು ಸರಿಯಾಗಿ ಹೇಳಿಲ್ಲ ಅಂತ 2021ರಲ್ಲಿ ವಿಶ್ವ ಪರಂಪರೆ ಸಮಿತಿಯೇ ತೀವ್ರ ವಿಷಾದ ದಾಖಲಿಸಿತು. ಗೋಡೆಗೆ ಎಲ್ಲವೂ ಅಂಟಿರುವುದಿಲ್ಲ. ಅದನ್ನು ಶೀರ್ಷಿಕೆ ಹೊರಬೇಕು.

ಉಸಿರುಪಟ್ಟಿ:

ಎಲ್ಲರೂ ಬೆಳಕಿನ ಬಗ್ಗೆ ಬರೆದಿರಿ, ಗಾಳಿಯ ಬಗ್ಗೆ ಯಾರೂ ಬರೆಯಲಿಲ್ಲ.

ಬಾಯ್ಲರ್ ಮನೆಯ ಕೊಳವೆಗಳ ಮೇಲೆ ಬಿಳಿ-ಬೂದು ಬಣ್ಣದ, ಬಟ್ಟೆ ಸುತ್ತಿದ ಗಾರೆಯಂಥ ಹೊದಿಕೆ ಇದ್ದರೆ ಅದನ್ನು ಕಲ್ನಾರು ಎಂದೇ ಭಾವಿಸಿ. ಕಲ್ನಾರಿನ ಎಳೆ ಕಣ್ಣಿಗೆ ಕಾಣುವುದಿಲ್ಲ, ರೋಗ ಬರುವುದು ದಶಕಗಳ ಮೇಲೆ. ಬಟ್ಟೆ ಮಾಸ್ಕ್ ನಡೆಯದು, ಎಫ್‌ಎಫ್‌ಪಿ3 ಅಥವಾ ಪಿ3 ಫಿಲ್ಟರ್ ಬೇಕು. ಗಡ್ಡ ಇದ್ದರೆ ಅದೂ ಅಂಚಿನಲ್ಲಿ ಸೋರುತ್ತದೆ. ಹೊದಿಕೆ ಉದುರಿ ನೆಲಕ್ಕೆ ಬಿದ್ದಿದ್ದರೆ ಒಳಗೇ ಹೋಗಬೇಡಿ, ಬಾಗಿಲಿಂದ ತೆಗೆಯಿರಿ. ಆ ಕೋಣೆಯಲ್ಲಿ ಲೆನ್ಸ್ ಬದಲಿಸುವುದು, ಚೀಲ ನೆಲಕ್ಕಿಡುವುದು, ಬ್ಲೋವರ್ ಊದುವುದು ಬೇಡ. ಹೊರಗೆ ಬಂದು ಒದ್ದೆ ಬಟ್ಟೆಯಲ್ಲಿ ಟ್ರೈಪಾಡ್ ಒರೆಸಿ.

ಬಾಯ್ಲರ್, ತೊಟ್ಟಿ, ಹೊಗೆದಾರಿ, ನೆಲದಡಿಯ ಗುಂಡಿ, ಇವುಗಳೊಳಗೆ ತಲೆಯನ್ನೂ ಹಾಕಬೇಡಿ. ಮುಚ್ಚಿದ ಕಬ್ಬಿಣದ ತೊಟ್ಟಿಯಲ್ಲಿ ತುಕ್ಕು ಹಿಡಿಯುವ ಕ್ರಿಯೆಯೇ ಆಮ್ಲಜನಕವನ್ನು ತಿಂದುಹಾಕುತ್ತದೆ. ಸಾಮಾನ್ಯ ಗಾಳಿಯಲ್ಲಿ 20.9 ಶೇಕಡ ಇರುತ್ತದೆ, 19.5ಕ್ಕಿಂತ ಕೆಳಗಿಳಿದರೆ ಅಪಾಯ ಅಂತ ಲೆಕ್ಕ. ಉಸಿರು ಕಟ್ಟಿದ ಅನುಭವವೂ ಆಗದೆ ಮನುಷ್ಯ ಬೀಳುತ್ತಾನೆ, ಎತ್ತಲು ಹೋದವನೂ ಬೀಳುತ್ತಾನೆ. ಕ್ಯಾಮೆರಾವನ್ನು ಕೋಲಿಗೆ ಕಟ್ಟಿ ಒಳಗೆ ಚಾಚಿ, ಟೈಮರಿನಲ್ಲಿ ತೆಗೆಯಿರಿ.

ಕಲ್ನಾರು ಸಿಮೆಂಟ್ ಶೀಟಿನ ಚಾವಣಿ ಮೇಲೆ ಹೆಜ್ಜೆ ಇಡಬೇಡಿ, ಅದು ಗಾಜಿನಂತೆ ಒಡೆಯುತ್ತದೆ. ಮರದ ನೆಲದಲ್ಲಿ ನೀರು ಸೋರಿದ ಕಲೆ ಇದ್ದರೆ ಸುತ್ತಿ ಹೋಗಿ. ಮೊಳೆ ತೂರದ ಅಟ್ಟೆಯ ಬೂಟು, ಹೆಲ್ಮೆಟ್, ಎರಡು ಹೆಡ್‌ಲ್ಯಾಂಪ್, ಜೊತೆಗೊಬ್ಬರು. ಒಬ್ಬರೇ ಹೋಗಬೇಡಿ.

ನೂಲೆಳೆ:

ಎಲ್ಲರಿಗೂ ಧನ್ಯವಾದ. ರೋಪ್ ರೇಸ್ ಇದೆ! ನಕ್ಷೆಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ, ಬರೀ ಎರಡು ಗೆರೆ. ಎರಡು ಪ್ರಶ್ನೆ ಉಳಿದಿವೆ. ಶೀರ್ಷಿಕೆಯಲ್ಲಿ ಏನೇನು ಇರಬೇಕು? ಹರಡಿ ಬಿದ್ದ ಬಾಬಿನ್ನುಗಳನ್ನು ಚೂರು ಒಟ್ಟು ಮಾಡಿ ತೆಗೆದರೆ ತಪ್ಪೇ?

ಕಡತಮನೆ:

ಎರಡನೆಯದಕ್ಕೆ ಮೊದಲು: ಮುಟ್ಟಬೇಡಿ. ಚೆರ್ನೋಬಿಲ್ ದುರಂತದಿಂದ ಖಾಲಿಯಾದ ಊರಾದ ಪ್ರಿಪ್ಯಾತ್‌ನಲ್ಲಿ ಮಂಚದ ಮೇಲೆ ಕೂರಿಸಿದ ಗೊಂಬೆಗಳ ಚಿತ್ರಗಳು ಎಷ್ಟು ಓಡಾಡಿದವೆಂದರೆ, ಈಗ ಅಲ್ಲಿನ ಯಾವ ವಸ್ತು ತಾನಿದ್ದ ಜಾಗದಲ್ಲಿದೆ, ಯಾವುದನ್ನು ಫೋಟೋಗೆಂದು ಇಟ್ಟರು ಅಂತ ಹೇಳುವುದೇ ಕಷ್ಟ. ಅಂಥ ಒಂದು ಚಿತ್ರ ಸಾಕು, ಉಳಿದ ಇನ್ನೂರರ ಮೇಲೂ ಅನುಮಾನ ಬರುತ್ತದೆ. ಬಾಬಿನ್ ಎತ್ತಿ ಅದರ ಮೇಲಿನ ಗುರುತನ್ನು ತೆಗೆಯಲೇಬೇಕಿದ್ದರೆ, ಇದ್ದ ಹಾಗೆ ಮೊದಲೊಂದು ಫ್ರೇಮು, ಆಮೇಲೆ ಎತ್ತಿ ಇನ್ನೊಂದು, ಮತ್ತೆ ಅಲ್ಲೇ ಇಡಿ. "ಎತ್ತಿ ತೆಗೆದದ್ದು" ಅಂತ ಬರೆಯಿರಿ.

ಶೀರ್ಷಿಕೆ. ಅಮೆರಿಕದಲ್ಲಿ 1969ರಿಂದ ನಡೆಯುತ್ತಿರುವ ಹಿಸ್ಟಾರಿಕ್ ಅಮೆರಿಕನ್ ಎಂಜಿನಿಯರಿಂಗ್ ರೆಕಾರ್ಡ್ ಯೋಜನೆಯಲ್ಲಿ ಅಳತೆಯ ನಕ್ಷೆ, ದೊಡ್ಡ ಫಾರ್ಮ್ಯಾಟ್ ಫೋಟೋ, ಬರಹ ಮೂರೂ ಒಟ್ಟಿಗೆ ಇರುತ್ತವೆ. ಫೋಟೋ ಒಂದೇ ಸಾಲದು ಅನ್ನುವುದೇ ಅದರ ತಿರುಳು. ನಿಮ್ಮ ಮಟ್ಟಿಗೆ ಹೀಗೆ ಮಾಡಿ: ಪ್ರತಿ ಮಹಡಿಯ ನಕ್ಷೆ ಒಂದೊಂದು ಹಾಳೆ. ಉದ್ದದ ಕಂಬಸಾಲಿಗೆ ಅಂಕಿ, ಅಡ್ಡದ ಸಾಲಿಗೆ ಅಕ್ಷರ. ಕಂಬಗಳ ಮೇಲೆ ಗಿರಣಿಯವರೇ ಬರೆದ ಸಂಖ್ಯೆ ಇದ್ದರೆ ಅದನ್ನೇ ಬಳಸಿ, ಹೊಸದು ಕಟ್ಟಬೇಡಿ. ಕ್ಯಾಮೆರಾ ನಿಂತಲ್ಲಿ ಚುಕ್ಕೆ, ನೋಡಿದ ಕಡೆಗೆ ಬಾಣ, ಪಕ್ಕದಲ್ಲಿ ಫ್ರೇಮ್ ಸಂಖ್ಯೆ. ಇದನ್ನು ಅಲ್ಲೇ ನಿಂತು ಪೆನ್ಸಿಲ್ಲಿನಲ್ಲಿ ಮಾಡಬೇಕು. ಸಂಜೆ ಮನೆಗೆ ಬಂದು ಮಾಡೋಣ ಅಂದರೆ, ನಾಲ್ಕೂ ಮಹಡಿ ಒಂದೇ ಥರ ಇರುವ ಗಿರಣಿಯಲ್ಲಿ ಎರಡನೆಯದೋ ಮೂರನೆಯದೋ ಅಂತ ಗೊತ್ತಾಗುವುದಿಲ್ಲ. ಮಹಡಿ ಬದಲಾದಾಗಲೆಲ್ಲ ಕಾಗದದಲ್ಲಿ ದೊಡ್ಡದಾಗಿ ಸಂಖ್ಯೆ ಬರೆದು ಅದರದ್ದೇ ಒಂದು ಫೋಟೋ ತೆಗೆದುಕೊಳ್ಳಿ.

ಶೀರ್ಷಿಕೆಯಲ್ಲಿ: ದಿನಾಂಕ, ಮಹಡಿ, ಕಂಬ, ದಿಕ್ಕು, ಏನು ಕಾಣುತ್ತದೆ, ಅದು ಹಾಗಿರುವುದಕ್ಕೆ ಕಾರಣ ಗೊತ್ತಿದ್ದರೆ ಕಾರಣ. ಊಹೆಯಾದರೆ "ಇರಬಹುದು" ಅಂತಲೇ ಬರೆಯಿರಿ. ಹತ್ತಿರದ ಚಿತ್ರಗಳಲ್ಲಿ 10 ಸೆಂ.ಮೀ.ಗೊಂದು ಕಪ್ಪು-ಬಿಳಿ ಪಟ್ಟಿಯ ಒಂದು ಮೀಟರ್ ಅಳತೆಗೋಲು ಇಟ್ಟು ಒಂದು ಫ್ರೇಮು, ತೆಗೆದು ಒಂದು ಫ್ರೇಮು. ಕೋಲು ವಸ್ತುವಿನ ಸಮತಲದಲ್ಲೇ ಇರಬೇಕು, ಮುಂದಿಟ್ಟರೆ ಅಳತೆ ತಪ್ಪುತ್ತದೆ. ಬಣ್ಣದ ಕಾರ್ಡ್ ಬೆಳಕು ಬದಲಾದಾಗಲೆಲ್ಲ ಒಮ್ಮೆ. ಹಳೇ ಗಾಜಿನಿಂದ ಬರುವ ಹಸಿರು ಛಾಯೆ ನಿಜದ್ದೋ ಕ್ಯಾಮೆರಾದ್ದೋ ಅಂತ ಆಮೇಲೆ ತೀರ್ಮಾನಿಸಲು ಬೇರೆ ದಾರಿಯಿಲ್ಲ.

ಹಾಜರಿ ಪುಸ್ತಕ, ಆಸ್ಪತ್ರೆ ಚೀಟಿ, ಸಂಬಳದ ಪಟ್ಟಿ ಸಿಕ್ಕರೆ ಹೆಸರುಗಳನ್ನು ಹೊರಗೆ ಹಾಕಬೇಡಿ. ಕೆಡವುವವರೆಗೆ ಚಿತ್ರದೊಳಗಿನ ಜಿಪಿಎಸ್ ಕೂಡ ತೆಗೆದುಬಿಡಿ, ತಾಮ್ರ ಕದಿಯುವವರು ಇಂಥ ಪುಟಗಳನ್ನು ಚೆನ್ನಾಗಿ ಓದುತ್ತಾರೆ. ರಾ ಫೈಲು ಹಾಗೇ ಇರಲಿ, ತಿದ್ದಿದ್ದು 16 ಬಿಟ್ ಟಿಫ್ ಆಗಿ ಬೇರೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಕಟ್ಟಡದಲ್ಲಿ.

ಮುಖ್ಯವಾದದ್ದು ಆಮೇಲಿನ ಕೆಲಸ. ಇಪ್ಪತ್ತು ಚಿತ್ರ ಆರಿಸಿ, ದೊಡ್ಡ ಹಾಳೆಯಲ್ಲಿ ಅಂಚು ಅಗಲವಾಗಿ ಬಿಟ್ಟು ಪ್ರಿಂಟ್ ಮಾಡಿಸಿ, ಅಲ್ಲಿ ದುಡಿದವರ ಮುಂದೆ ಇಡಿ. ಕೈಗೆ ಪೆನ್ಸಿಲ್ ಕೊಡಿ. "ನಿಮಗೆ ಏನು ನೆನಪಾಗುತ್ತದೆ" ಅಂತ ಕೇಳಿದರೆ ಭಾಷಣ ಬರುತ್ತದೆ. "ನೀವು ಎಲ್ಲಿ ನಿಲ್ಲುತ್ತಿದ್ದಿರಿ, ಊಟದ ಡಬ್ಬಿ ಎಲ್ಲಿಡುತ್ತಿದ್ದಿರಿ" ಅಂತ ಕೇಳಿ. ಬೆರಳು ನೇರ ಚಿತ್ರದ ಮೇಲೆ ಹೋಗುತ್ತದೆ. ಹತ್ತಿರದ ಚಿತ್ರಕ್ಕಿಂತ ಅಗಲ ಕೋನದ, ಎಲ್ಲ ಚೂಪಾಗಿರುವ, ನೀರಸ ಅನ್ನಿಸುವ ಚಿತ್ರವೇ ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಹಳೇಗಾರೆ ಹೇಳಿದ ನಾಲ್ಕು ಮಹಡಿಯ ಸಾಲನ್ನು ಮೊದಲು ಇಡಿ.

ಮೂರುಕಾಲು:

ಒಂದು ತಿದ್ದುಪಡಿ, ಒಂದು ಸೇರ್ಪಡೆ. ಕಡತಮನೆಯವರು ಎರಡನೇ ಕಂತಿನ ಬಗ್ಗೆ ಹೇಳಲಿಲ್ಲ: ದುಡಿದವರು ಗುರುತು ಹಾಕಿದ ಜಾಗಕ್ಕೆ ಮತ್ತೆ ಹೋಗಬೇಕಾಗುತ್ತದೆ. ಆದ್ದರಿಂದ ಎರಡು ದಿನವನ್ನು ಒಟ್ಟಿಗೆ ಬಳಸಬೇಡಿ. ಆಗುವುದಾದರೆ ನಡುವೆ ಒಂದು ವಾರ ಅಂತರ ಕೇಳಿ. ಮೊದಲ ದಿನ ಮಹಡಿಗಳ ಸಾಲು, ರೋಪ್ ರೇಸ್, ಎಂಜಿನ್ ಮನೆ. ವಾರದಲ್ಲಿ ಪ್ರಿಂಟ್ ತೋರಿಸಿ. ಎರಡನೇ ದಿನ ಅವರು ಬೆರಳಿಟ್ಟ ಜಾಗಗಳು, ಅಕ್ಷರಗಳು. ಚಿಮಣಿ ಎರಡೂ ದಿನದಲ್ಲಿ ಮೋಡ ಯಾವಾಗ ಮುಚ್ಚುತ್ತದೋ ಆಗ, ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ.

ತಿದ್ದುಪಡಿ ನನ್ನದೇ. ಟ್ರೈಪಾಡಿನ ಮೇಲೆ ಲೆನ್ಸಿನ ಸ್ಟೆಬಿಲೈಸರ್ ಆಫ್ ಮಾಡಬೇಕು ಅಂತ ಬರೆಯಲು ಮರೆತೆ. ಆನ್ ಇದ್ದರೆ ಕೆಲವು ಲೆನ್ಸುಗಳು ಇಲ್ಲದ ಅಲುಗಾಟವನ್ನು ಹುಡುಕಿ ತಾವೇ ಅಲುಗುತ್ತವೆ, ಐದು ಫ್ರೇಮು ಐದು ಕಡೆ ಹೋಗುತ್ತದೆ.